ಅಮಾವಾಸ್ಯೆಗೊಂದು ಗುಳಿಗೆ: ಹುಬ್ಬಳ್ಳಿ-ಧಾರವಾಡದ ನಾಯಿ ಸಾಕುವವರಿಗೆ ಬಹಿರಂಗ ಪತ್ರ

ಇವರಿಗೆ,
ಅವಳಿ ನಗರದಲ್ಲಿ ನಾಯಿ ಸಾಕಿರುವ ಎಲ್ಲ ಮನೆಯವರಿಗೆ,
ಹಾಗೂ ಇಲ್ಲಿನ ಪಶುವೈದ್ಯರು, ಔಷಧ ಅಂಗಡಿಯವರು ಮತ್ತು ಪಾಲಿಕೆಯ ಅಧಿಕಾರಿಗಳಿಗೆ.

ವಿಷಯ: ನಾಯಿಗಳ ಹೃದಯಹುಳ ತಡೆಯುವ ಔಷಧವನ್ನು ತಿಂಗಳು ತಪ್ಪದೆ ಕೊಡುವ ಕುರಿತು.

ಮಾನ್ಯರೇ,

ರೇಬೀಸ್ ಲಸಿಕೆಯ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡ ಮನೆಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ. ಯಾವ ದಿನ ಚುಚ್ಚಿಸಿದ್ದು, ಮುಂದಿನದು ಯಾವಾಗ, ಎಲ್ಲವೂ ಬಾಯಿಪಾಠ. ಅದೇ ಮನೆಯವರನ್ನು ಹೃದಯಹುಳದ ಗುಳಿಗೆ ಕೊನೆಗೆ ಯಾವಾಗ ಕೊಟ್ಟಿರಿ ಎಂದು ಕೇಳಿದರೆ ಮಾತು ತಡವರಿಸುತ್ತದೆ. "ಮಳೆಗಾಲದಾಗ ಕೊಟ್ಟಿದ್ವಿ." "ಹೋದ ತಿಂಗಳು... ಇಲ್ಲ, ಅದರ ಹಿಂದಿನ ತಿಂಗಳಿರಬೇಕು." "ಡಬ್ಬಿಯೊಳಗ ಇನ್ನೂ ಎರಡು ಉಳದಾವ." ಉಳಿದಿರುವ ಆ ಎರಡು ಗುಳಿಗೆಗಳ ಸಲುವಾಗಿಯೇ ಈ ಪತ್ರ.

ಹೃದಯಹುಳದ ಹೆಸರನ್ನೇ ಕೇಳದವರ ಮೇಲೆ ನಮ್ಮ ದೂರಿಲ್ಲ. ಅವರಿಗೆ ಹೇಳಬೇಕಾದವರು ಹೇಳಿಲ್ಲ, ಅಷ್ಟೇ. ದೂರು ಇರುವುದು ಔಷಧ ಕೊಂಡು, ನಾಲ್ಕು ತಿಂಗಳು ಕೊಟ್ಟು, ಎರಡು ತಿಂಗಳು ಬಿಟ್ಟು, ನೆನಪಾದಾಗ ಮತ್ತೆ ಶುರು ಮಾಡುವವರ ಮೇಲೆ. ಹೀಗೆ ಮಾಡಿದರೆ ದುಡ್ಡೂ ಹೋಗುತ್ತದೆ, ರಕ್ಷಣೆಯೂ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಔಷಧ ಕೊಡುತ್ತಿದ್ದೇವೆ ಎಂಬ ನಂಬಿಕೆಯಲ್ಲಿ ನಾಯಿಯ ಕೆಮ್ಮನ್ನು, ಏದುಸಿರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಈ ಹುಳದ ಶಾಸ್ತ್ರೀಯ ಹೆಸರು ಡೈರೋಫೈಲೇರಿಯಾ ಇಮ್ಮಿಟಿಸ್. ಬೆಳೆದ ಹೆಣ್ಣುಹುಳ ಒಂದು ಶ್ಯಾವಿಗೆ ಎಳೆಯಷ್ಟು ತೆಳ್ಳಗೆ, ಗೇಣಿಗಿಂತ ಉದ್ದ, 25ರಿಂದ 30 ಸೆಂಟಿಮೀಟರ್. ಅದು ವಾಸಿಸುವುದು ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ. ಹುಳ ಹೆಚ್ಚಾದರೆ ಹೃದಯದ ಬಲಭಾಗಕ್ಕೂ ಇಳಿಯುತ್ತದೆ. ಆಯುಸ್ಸು 5ರಿಂದ 7 ವರ್ಷ. ನಾಯಿಯಿಂದ ನಾಯಿಗೆ ನೆಕ್ಕುವುದರಿಂದ, ಒಂದೇ ಬಟ್ಟಲಲ್ಲಿ ಉಣ್ಣುವುದರಿಂದ, ಸಗಣಿ-ಮಲ ಮೂಸುವುದರಿಂದ ಇದು ಬರುವುದಿಲ್ಲ. ಸೊಳ್ಳೆಯೊಂದೇ ದಾರಿ. ಸೋಂಕಿದ ನಾಯಿಯ ರಕ್ತ ಹೀರಿದ ಸೊಳ್ಳೆಯೊಳಗೆ ಮರಿಹುಳ ಬೆಳೆದು ಹದಕ್ಕೆ ಬರಲು 27 ಡಿಗ್ರಿ ಬಿಸಿಯಲ್ಲಿ 10ರಿಂದ 14 ದಿನ ಬೇಕು. ಆಮೇಲೆ ಆ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ, ಕಚ್ಚಿದ ಗಾಯದ ಮೂಲಕವೇ ಮರಿಹುಳ ಒಳಗೆ ನುಸುಳುತ್ತದೆ.

ಇನ್ನು ಎಲ್ಲರೂ ತಪ್ಪು ತಿಳಿದಿರುವ ಸಂಗತಿಗೆ ಬರೋಣ. ಗುಳಿಗೆ ಕೊಟ್ಟ ದಿನದಿಂದ ಮುಂದಿನ ಒಂದು ತಿಂಗಳು ಅದು ಕಾವಲು ಕಾಯುತ್ತದೆ ಎಂದು ಬಹುತೇಕ ಮಂದಿ ನಂಬಿದ್ದಾರೆ. ತಿಂಗಳಿಗೊಮ್ಮೆ ಕೊಡುವ ಗುಳಿಗೆ ಕೆಲಸ ಮಾಡುವುದು ಹಿಂದಕ್ಕೆ: ಕಳೆದ ಸುಮಾರು 30 ದಿನಗಳಲ್ಲಿ ಒಳಹೊಕ್ಕ ಎಳೆಯ ಮರಿಹುಳಗಳನ್ನು ಅದು ಕೊಂದು ಹಾಕುತ್ತದೆ. ತಾರೀಖು ಹಾಕಿ ನೋಡಿ. ಜೂನ್ 1ಕ್ಕೆ ಗುಳಿಗೆ ಕೊಟ್ಟಿರಿ. ಜೂನ್ 10ಕ್ಕೆ ಸೋಂಕಿನ ಸೊಳ್ಳೆ ಕಚ್ಚಿತು. ಜುಲೈ 1ರ ಗುಳಿಗೆ ಹೊಟ್ಟೆಗೆ ಬೀಳುವಾಗ ಆ ಮರಿಹುಳಕ್ಕೆ 21 ದಿನ, ಸಾಯುತ್ತದೆ. ಜುಲೈ ಗುಳಿಗೆ ಮರೆತು ಆಗಸ್ಟ್ 1ಕ್ಕೆ ಕೊಟ್ಟರೆ ಅದಕ್ಕೆ 52 ದಿನ. 50ರಿಂದ 70 ದಿನದೊಳಗೆ ಮರಿಹುಳ ಕೊನೆಯ ಸಲ ಪೊರೆ ಕಳಚಿ ಪ್ರಾಯದ ಹುಳವಾಗುತ್ತದೆ. ಆಮೇಲೆ ತಡೆಯುವ ಗುಳಿಗೆಯ ಪ್ರಮಾಣ ಅದನ್ನು ಕೊಲ್ಲುತ್ತದೆಂಬ ಭರವಸೆಯಿಲ್ಲ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಅದು ಶ್ವಾಸಕೋಶದ ರಕ್ತನಾಳ ಸೇರುತ್ತದೆ, ಡಿಸೆಂಬರ್ ಹೊತ್ತಿಗೆ ಮರಿ ಹಾಕಲು ಶುರು ಮಾಡುತ್ತದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ನಾಲ್ಕೂ ಗುಳಿಗೆ ನೀವು ತಪ್ಪದೆ ಕೊಟ್ಟಿದ್ದರೂ ಆ ಒಂದು ಹುಳ ಒಳಗೇ ಇರಬಹುದು. ವರ್ಷಕ್ಕೆ 12ರಲ್ಲಿ 10 ಕೊಟ್ಟರೆ ಪರೀಕ್ಷೆಯಲ್ಲಾದರೆ ಒಳ್ಳೆಯ ಅಂಕ. ಇಲ್ಲಿ ಬಿಟ್ಟ ಆ ಎರಡರ ಸಂದಿಯಲ್ಲೇ ಹುಳ ಹೊಕ್ಕಿರುತ್ತದೆ. ಉಳಿತಾಯವಾಗಲೆಂದು ಒಂದೂವರೆ ತಿಂಗಳಿಗೊಮ್ಮೆ ಕೊಡುವವರೂ ಇದನ್ನು ಗಮನಿಸಬೇಕು.

ಮಳೆಗಾಲ ಮುಗಿಯಿತು, ಇನ್ನು ಬೇಡ ಎಂದು ದಸರೆ-ದೀಪಾವಳಿಯ ನಡುವೆ ನಿಲ್ಲಿಸುವ ರೂಢಿ ಎಲ್ಲಿಂದ ಬಂತೋ, ನಮ್ಮ ಊರಿಗಂತೂ ಅದು ಹೊಂದುವುದಿಲ್ಲ. ಸೊಳ್ಳೆಯೊಳಗೆ ಹುಳದ ಬೆಳವಣಿಗೆ ನಿಲ್ಲಬೇಕಾದರೆ ಬಿಸಿ 14 ಡಿಗ್ರಿಗಿಂತ ಕೆಳಗೇ ಇರಬೇಕು. ಧಾರವಾಡದ ಜನವರಿಯಲ್ಲಿ ಬೆಳಗಿನ ಜಾವ 14-15ಕ್ಕೆ ಇಳಿದರೂ ಮಧ್ಯಾಹ್ನ 28-29ಕ್ಕೆ ಏರುತ್ತದೆ. ಹುಳದ ಬೆಳವಣಿಗೆ ನಿಧಾನವಾಗಬಹುದು, ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೀರೇ ಇಲ್ಲ, ಸೊಳ್ಳೆ ಎಲ್ಲಿಂದ ಎನ್ನುವವರು ತಮ್ಮ ಹಿತ್ತಲು ನೋಡಿಕೊಳ್ಳಬೇಕು. 24 ಗಂಟೆ ನಳ ಬರುವ ವಾರ್ಡುಗಳನ್ನು ಬಿಟ್ಟರೆ ಉಳಿದ ಕಡೆ ಮಲಪ್ರಭೆಯ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ, ಅದಕ್ಕೇ ಮನೆ ಮನೆಯಲ್ಲೂ ಪೀಪಾಯಿ, ತೊಟ್ಟಿ, ಡ್ರಮ್ಮು. ನೀರಿನ ಬರ ಹೆಚ್ಚಿದಷ್ಟೂ ತುಂಬಿಟ್ಟ ಪಾತ್ರೆ ಹೆಚ್ಚು. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಇದೇ ತವರು. ಅದರ ಮೊಟ್ಟೆ ಪೀಪಾಯಿಯ ಒಳಗೋಡೆಗೆ ಅಂಟಿ, ನೀರು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಬರೀ ನೀರು ಚೆಲ್ಲಿ ಮತ್ತೆ ತುಂಬಿದರೆ ಪ್ರಯೋಜನವಿಲ್ಲ. ನೀರು ಬರುವ ದಿನ ಒಳಗೋಡೆಯನ್ನು ಕತ್ತದಿಂದ ತಿಕ್ಕಿ ತೊಳೆದು ತುಂಬಿಸಿ, ಬಟ್ಟೆ ಕಟ್ಟಿ ಮುಚ್ಚಬೇಕು. ಸಂಜೆ ಮೇಲೆ ಕಚ್ಚುವ ಕ್ಯೂಲೆಕ್ಸ್ ಹುಟ್ಟುವುದು ಚರಂಡಿಯ ಕೊಳಕು ನೀರಿನಲ್ಲಿ, ಅದಕ್ಕೆ ಮಳೆಗಾಲವೇ ಬೇಕಾಗಿಲ್ಲ. ಹುಬ್ಬಳ್ಳಿಯ ದೊಡ್ಡ ನಾಲೆಯ ದಂಡೆಯ ಓಣಿಗಳಲ್ಲಿ, ಉಣಕಲ್, ತೋಳನಕೆರೆ, ಕೆಲಗೇರಿ, ಸಾಧನಕೇರಿಯ ಸುತ್ತ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಯಿ ಗೇಟಿನ ಹತ್ತಿರ ಮಲಗುವುದೂ ಸರಿಯಾಗಿ ಸಂಜೆಯ ಆ ಹೊತ್ತಿಗೇ.

ಹಾಗಾಗಿ ವರ್ಷದ ಎಲ್ಲ ತಿಂಗಳೂ ಕೊಡಬೇಕು. ನೆನಪಿಡಲು ಮೊಬೈಲಿನ ಗಂಟೆಗಿಂತ ಗಟ್ಟಿಯಾದ ಒಂದು ಗುರುತು ನಮ್ಮಲ್ಲಿ ಆಗಲೇ ಇದೆ: ಅಮಾವಾಸ್ಯೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ 29 ಇಲ್ಲವೇ 30 ದಿನ. ಈ ಔಷಧಕ್ಕೆ ಬೇಕಾದ ಅಂತರವೂ ಅಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ಅದು ಎದ್ದು ಕಾಣುತ್ತದೆ, ಅಂಗಡಿಯವರಿಗೆ ಪೂಜೆಯ ದಿನ, ಒಕ್ಕಲುತನದವರಿಗೆ ಎತ್ತು ಕಟ್ಟದ ದಿನ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಎಳ್ಳಮಾವಾಸ್ಯೆಯನ್ನು ಮರೆಯುವ ಮನೆ ನಮ್ಮ ಕಡೆ ಇಲ್ಲ. ಆ ದಿನ ಬೆಳಗ್ಗೆ, ಪೂಜೆ-ಅಡುಗೆಯ ಗಡಿಬಿಡಿಗೆ ಮೊದಲೇ ಗುಳಿಗೆ ಕೊಟ್ಟು, ಕ್ಯಾಲೆಂಡರಿನ ಆ ಮನೆಯಲ್ಲಿ ಪೆನ್ನಿನಿಂದ ಗೀಟು ಹಾಕಿ. ದೀಪಾವಳಿ ಅಮಾವಾಸ್ಯೆಯಲ್ಲಿ ಇದು ಇನ್ನೂ ಮುಖ್ಯ, ಸಂಜೆ ಪಟಾಕಿ ಶುರುವಾದರೆ ಹೆದರಿದ ನಾಯಿ ಏನನ್ನೂ ತಿನ್ನುವುದಿಲ್ಲ. ಕೆಲವು ವರ್ಷ 13 ಅಮಾವಾಸ್ಯೆ ಬರುತ್ತದೆ, ಆ ವರ್ಷ 13 ಗುಳಿಗೆ. ಮನೆಯಲ್ಲಿ ಕೊಡುವ ಕೆಲಸ ಒಬ್ಬರದೇ ಆಗಿರಲಿ. "ಅವರು ಕೊಟ್ಟಿರಬೇಕು" ಎಂದುಕೊಂಡೇ ಎಷ್ಟೋ ತಿಂಗಳು ತಪ್ಪಿವೆ.

ಕೊಟ್ಟರೆ ಸಾಲದು, ಒಳಗೆ ಹೋಗಿದೆಯೇ ನೋಡಬೇಕು. ರೊಟ್ಟಿಯ ತುಣುಕಿನಲ್ಲೋ ಪೇಢೆಯ ಚೂರಿನಲ್ಲೋ ಹುದುಗಿಸಿ ಕೊಟ್ಟಾಗ ಮೇಲಿನದನ್ನು ತಿಂದು ಗುಳಿಗೆಯನ್ನು ಮೂಲೆಗೆ ಹೋಗಿ ಉಗುಳುವ ಜಾಣ ನಾಯಿಗಳಿವೆ. ಅಗಿದು ತಿನ್ನುವ ಬಗೆಯ ಗುಳಿಗೆಯಾದರೆ ಇಡಿಯಾಗಿ ನುಂಗಿಸದೆ ಮುರಿದು ಅಗಿಯಲು ಬಿಡಿ. ಐದು ನಿಮಿಷ ಹತ್ತಿರವೇ ಇರಿ. ಒಂದು ತಾಸಿನೊಳಗೆ ವಾಂತಿಯಾದರೆ ವೈದ್ಯರನ್ನು ಕೇಳಿ ಇನ್ನೊಂದು ಕೊಡಬೇಕಾಗುತ್ತದೆ. ಎರಡು ನಾಯಿ ಇದ್ದ ಮನೆಯಲ್ಲಿ ಒಂದರ ಪಾಲನ್ನು ಇನ್ನೊಂದು ತಿನ್ನದಂತೆ ಬೇರೆ ಬೇರೆ ಕಟ್ಟಿ. ಬೆನ್ನಿಗೆ ಹಾಕುವ ದ್ರವವಾದರೆ ಭುಜದ ಎಲುಬುಗಳ ನಡುವೆ ಕೂದಲು ಸೀಳಿ ಚರ್ಮದ ಮೇಲೇ ಬೀಳಬೇಕು. ಕೂದಲಿಗೆ ಹಚ್ಚಿದ್ದು ದಂಡ. ಮೈ ಒಣಗಿರಬೇಕು, ಪೊಟ್ಟಣದಲ್ಲಿ ಹೇಳಿದಷ್ಟು ದಿನ ಸ್ನಾನ ಬೇಡ, ಒಣಗುವವರೆಗೆ ಬೇರೆ ನಾಯಿ ನೆಕ್ಕಬಾರದು.

ತೂಕದ ವಿಷಯದಲ್ಲಿ ಆಗುವ ತಪ್ಪು ಹೊರಗೆ ಕಾಣುವುದೇ ಇಲ್ಲ. ಐವರ್‌ಮೆಕ್ಟಿನ್ ಇರುವ ಹೃದಯಹುಳದ ಗುಳಿಗೆಯಲ್ಲಿ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 6 ಮೈಕ್ರೋಗ್ರಾಂ ಲೆಕ್ಕ. ಸಾಮಾನ್ಯವಾಗಿ 11 ಕಿಲೋವರೆಗೆ 68, 22 ಕಿಲೋವರೆಗೆ 136, 45 ಕಿಲೋವರೆಗೆ 272 ಮೈಕ್ರೋಗ್ರಾಂ ಎಂಬ ಮೂರು ಅಳತೆ. ಮುಧೋಳ ತಳಿಯದೋ ಜರ್ಮನ್ ಶೆಫರ್ಡ್‌ನದೋ 9 ಕಿಲೋ ಮರಿಗೆಂದು ಆರು ತಿಂಗಳ ಗುಳಿಗೆ ಒಟ್ಟಿಗೆ ತಂದಿಟ್ಟರೆ, ಡಬ್ಬಿ ಮುಗಿಯುವ ಹೊತ್ತಿಗೆ ಅದು 24 ಕಿಲೋ ಆಗಿರುತ್ತದೆ. 68ನ್ನು 24ರಿಂದ ಭಾಗಿಸಿ, ಕಿಲೋಗೆ 3 ಮೈಕ್ರೋಗ್ರಾಂ ಕೂಡ ಸಿಗುವುದಿಲ್ಲ. ಮರಿ ಇರುವಾಗ ಪ್ರತಿ ಅಮಾವಾಸ್ಯೆಗೂ ತೂಗಿ: ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ದೊಡ್ಡ ಗುಳಿಗೆಯನ್ನು ಅರ್ಧ ಮಾಡಿ ಎರಡು ಸಣ್ಣ ನಾಯಿಗೆ ಹಂಚುವುದೂ ಬೇಡ. ಔಷಧ ಗುಳಿಗೆಯ ತುಂಬ ಒಂದೇ ಸಮನೆ ಹರಡಿರುತ್ತದೆ ಎನ್ನುವಂತಿಲ್ಲ.

"ಮೂರು ತಿಂಗಳಿಗೊಮ್ಮೆ ಜಂತಿನ ಗುಳಿಗೆ ಹಾಕ್ತೀವಲ್ರಿ" ಎಂಬ ಮಾತು ದಿನಾ ಕೇಳಿಬರುತ್ತದೆ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆನ್‌ಬೆಂಡಜೋಲ್ ಇರುವ ಆ ಗುಳಿಗೆ ಕರುಳಿನ ಹುಳಕ್ಕೆ. ಸೊಳ್ಳೆ ಕಚ್ಚಿ ಒಳಹೊಕ್ಕ ಮರಿಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಉಣ್ಣಿಗೆಂದು ಕೊಡುವ ಫ್ಲುರಾಲನರ್, ಅಫಾಕ್ಸೋಲನರ್ ಗುಳಿಗೆಗಳೂ ಒಂಟಿಯಾಗಿ ಹೃದಯಹುಳ ತಡೆಯುವುದಿಲ್ಲ. ಡಬ್ಬಿಯ ಮೇಲಿನ ಬ್ರ್ಯಾಂಡಿನ ಹೆಸರು ಬಿಟ್ಟು ಒಳಗಿನ ಔಷಧದ ಹೆಸರು ಓದಿ. ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್, ಸೆಲಮೆಕ್ಟಿನ್, ಈ ನಾಲ್ಕರಲ್ಲಿ ಒಂದಾದರೂ ಇರಬೇಕು, ಹೃದಯಹುಳಕ್ಕೆ ಎಂದು ಬರೆದಿರಬೇಕು.

ಇನ್ನೊಂದು ಕಡೆ, ಇದೇ ಐವರ್‌ಮೆಕ್ಟಿನ್ ಹೆಸರು ಹಿಡಿದು ದನದ ಇಂಜೆಕ್ಷನ್ ಬಾಟಲಿಯನ್ನು ನಾಯಿಗೆ ಬಳಸುವುದು ನಮ್ಮ ಜಿಲ್ಲೆಗಳಲ್ಲಿ ನಡೆದಿದೆ. ಒಕ್ಕಲುತನದ ಊರುಗಳು, ಬಾಟಲಿ ಸುಲಭವಾಗಿ ಸಿಗುತ್ತದೆ. ಆ 1 ಪ್ರತಿಶತ ದ್ರವದ 1 ಮಿಲಿಯಲ್ಲಿ 10,000 ಮೈಕ್ರೋಗ್ರಾಂ ಔಷಧ ಇರುತ್ತದೆ. 10 ಕಿಲೋ ನಾಯಿಗೆ ಹೃದಯಹುಳ ತಡೆಯಲು ಬೇಕಾದದ್ದು 60 ಮೈಕ್ರೋಗ್ರಾಂ, ಅಂದರೆ 0.006 ಮಿಲಿ. ಸಾಮಾನ್ಯ ಸಿರಿಂಜಿನಲ್ಲಿ ಇದನ್ನು ಅಳೆಯಲು ಆಗುವುದಿಲ್ಲ. "ಸ್ವಲ್ಪ" ಎಂದು 0.2 ಮಿಲಿ ಹಾಕಿದರೆ ಬೇಕಾದದ್ದಕ್ಕಿಂತ 33 ಪಟ್ಟು ಒಳಗೆ ಹೋಗುತ್ತದೆ. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳಲ್ಲಿ ಮತ್ತು ಅವುಗಳ ಬೆರಕೆಗಳಲ್ಲಿ ಎಂಡಿಆರ್1 ಎಂಬ ವಂಶವಾಹಿಯ ದೋಷ ಇರಬಹುದು. ಅಂಥ ನಾಯಿಯಲ್ಲಿ ಇಷ್ಟು ಔಷಧ ಮಿದುಳಿಗೆ ಇಳಿದು, ಕಣ್ಣಿನ ಪಾಪೆ ಅಗಲವಾಗಿ, ಜೊಲ್ಲು ಸುರಿದು, ತೂರಾಡಿ, ಪ್ರಜ್ಞೆ ತಪ್ಪಿ ಬೀಳುತ್ತದೆ. ತಡೆಯುವ ಗುಳಿಗೆಯ 6 ಮೈಕ್ರೋಗ್ರಾಂ ಲೆಕ್ಕ ಆ ತಳಿಗಳಿಗೂ ಸುರಕ್ಷಿತ. ತಪ್ಪು ಔಷಧದ್ದಲ್ಲ, ಅಳತೆಯದು. ದನದ ಬಾಟಲಿ ದನಕ್ಕೇ ಇರಲಿ ಎಂದು ಕೈಮುಗಿದು ಕೇಳುತ್ತೇವೆ.

ಬಿಟ್ಟುಹೋಗಿದ್ದರೆ ಏನು ಮಾಡಬೇಕು? ಒಂದೆರಡು ತಿಂಗಳು ತಪ್ಪಿದ್ದರೆ ಮುಂದಿನ ಅಮಾವಾಸ್ಯೆಗೆ ಕಾಯದೆ ಇವತ್ತೇ ಕೊಟ್ಟು, ವೈದ್ಯರಿಗೆ ತಪ್ಪಿದ ತಿಂಗಳುಗಳನ್ನು ನಿಜವಾಗಿ ಹೇಳಿ. ಬೈಯುತ್ತಾರೆಂದು ಮುಚ್ಚಿಟ್ಟರೆ ನಷ್ಟ ನಾಯಿಗೆ. ಈಗ ಒಂದು ರಕ್ತ ಪರೀಕ್ಷೆ, 6 ತಿಂಗಳ ನಂತರ ಇನ್ನೊಂದು. ಎರಡನೆಯದು ಏಕೆಂದರೆ, ಕಿಟ್ ಪರೀಕ್ಷೆ ಹಿಡಿಯುವುದು ಬೆಳೆದ ಹೆಣ್ಣುಹುಳದ ಅಂಶವನ್ನು. ಸೋಂಕು ತಗುಲಿ ಐದಾರು ತಿಂಗಳಾಗುವವರೆಗೆ ಅದು "ಇಲ್ಲ" ಎಂದೇ ತೋರಿಸುತ್ತದೆ. ಆರು ತಿಂಗಳಿಗಿಂತ ಹೆಚ್ಚು ಬಿಟ್ಟಿದ್ದರೆ, ಅಥವಾ ಏಳು ತಿಂಗಳು ದಾಟಿದ ನಾಯಿಗೆ ಮೊದಲ ಸಲ ಶುರು ಮಾಡುವುದಾದರೆ, ಮೊದಲು ಪರೀಕ್ಷೆ, ಆಮೇಲೆ ಗುಳಿಗೆ. ರಕ್ತದಲ್ಲಿ ಮರಿಹುಳ ತುಂಬಿರುವ ನಾಯಿಗೆ ಏಕಾಏಕಿ ಔಷಧ ಕೊಟ್ಟರೆ ಅವೆಲ್ಲ ಒಮ್ಮೆಲೇ ಸತ್ತು ನಾಯಿ ಆಘಾತಕ್ಕೆ ಒಳಗಾಗಬಹುದು. ನಾಯಿಮರಿಗಳಿಗೆ ಹುಟ್ಟಿದ 8 ವಾರದೊಳಗೆ ಶುರು ಮಾಡಿದರೆ ಈ ತೊಡಕೇ ಇರುವುದಿಲ್ಲ. ತಪ್ಪದೆ ಕೊಟ್ಟವರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ನಮಗೆ ಕಾಣದಂತೆ ಉಗುಳಿದ ಗುಳಿಗೆಯ ಲೆಕ್ಕ ಅಲ್ಲಿ ಸಿಗುತ್ತದೆ.

ಬಂದರೆ ಆಗ ನೋಡಿಕೊಳ್ಳೋಣ ಎನ್ನುವವರು ಚಿಕಿತ್ಸೆ ಹೇಗಿದೆ ಎಂದು ತಿಳಿಯಲಿ. ಬೆಳೆದ ಹುಳ ಕೊಲ್ಲುವ ಮೆಲಾರ್ಸೊಮೈನ್ ಎಂಬುದು ಆರ್ಸೆನಿಕ್‌ನ ಔಷಧ. ಕಿಲೋಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ ಬೆನ್ನಿನ ಸ್ನಾಯುವಿನಾಳಕ್ಕೆ ಒಂದು ಚುಚ್ಚುಮದ್ದು, ತಿಂಗಳ ನಂತರ 24 ತಾಸಿನ ಅಂತರದಲ್ಲಿ ಇನ್ನೆರಡು. ಅದಕ್ಕೂ ಮೊದಲು, ಹುಳದೊಳಗೆ ವಾಸಿಸುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಕೊಲ್ಲಲು 4 ವಾರ ಡಾಕ್ಸಿಸೈಕ್ಲಿನ್. ಸತ್ತ ಹುಳದ ತುಣುಕುಗಳು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಾಯಿಯನ್ನು ಓಡಲು ಬಿಡುವಂತಿಲ್ಲ. ಒಂದು ಜೋರಿನ ಓಟವೇ ಜೀವ ತೆಗೆಯಬಹುದು. ಆ ಔಷಧ ನಮ್ಮಲ್ಲಿ ಸುಲಭವಾಗಿ ಸಿಗುವಂಥದ್ದೂ ಅಲ್ಲ. ಅದಿಲ್ಲದೆ ಮಾಕ್ಸಿಡೆಕ್ಟಿನ್ ಮತ್ತು ಡಾಕ್ಸಿಸೈಕ್ಲಿನ್‌ನಿಂದ ಸಾಗಿಸುವ ದಾರಿ ವರ್ಷದಷ್ಟು ಉದ್ದ, ಆ ವರ್ಷವಿಡೀ ಹುಳ ಹೃದಯಕ್ಕೆ ಘಾಸಿ ಮಾಡುತ್ತಲೇ ಇರುತ್ತದೆ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಭಾರತದಲ್ಲಿ ಹೃದಯಹುಳದ ವರದಿಗಳು ಹೆಚ್ಚು ಬಂದಿರುವುದು ಈಶಾನ್ಯ ರಾಜ್ಯಗಳಿಂದ. ದಕ್ಷಿಣದಲ್ಲಿ ಅದರ ದಾಯಾದಿ ಡೈರೋಫೈಲೇರಿಯಾ ರೆಪೆನ್ಸ್ ಹೆಚ್ಚು. ಅದು ಚರ್ಮದ ಕೆಳಗೆ ವಾಸಿಸುತ್ತದೆ, ಗಂಟು, ತುರಿಕೆ ತರುತ್ತದೆ. ಹಾಗಾದರೆ ನಮಗೇಕೆ ಎನ್ನಬೇಡಿ. ಎರಡನ್ನೂ ಹರಡುವುದು ಸೊಳ್ಳೆ. ನಾಯಿಮರಿಗಳು ರಾಜ್ಯದಿಂದ ರಾಜ್ಯಕ್ಕೆ ಮಾರಾಟವಾಗಿ ಬರುತ್ತಲೇ ಇವೆ, ಅವುಗಳ ರಕ್ತ ನೋಡಿ ಯಾರೂ ಕೊಳ್ಳುವುದಿಲ್ಲ. ಮೇಲಾಗಿ ರೆಪೆನ್ಸ್ ಸೊಳ್ಳೆಯ ಮೂಲಕ ಮನುಷ್ಯರಿಗೂ ದಾಟುತ್ತದೆ. ಕೇರಳದಲ್ಲೂ ನಮ್ಮದೇ ಕರಾವಳಿಯಲ್ಲೂ ಜನರ ಕಣ್ಣಿನಿಂದ ಈ ಹುಳ ತೆಗೆದ ಪ್ರಕರಣಗಳು ದಾಖಲಾಗಿವೆ.

ಈಗ ನಮ್ಮ ಬೇಡಿಕೆಗಳು. ಪಶುವೈದ್ಯರೇ, ಲಸಿಕೆ ಕಾರ್ಡಿನ ಹಿಂಬದಿಯಲ್ಲಿ 13 ಮನೆಗಳ ಒಂದು ಪಟ್ಟಿ ಅಚ್ಚು ಹಾಕಿಸಿ: ತಾರೀಖು, ತೂಕ, ಔಷಧ. ರೇಬೀಸ್ ಲಸಿಕೆಗೆ ಬಂದ ಪ್ರತಿ ನಾಯಿಯ ಪಟ್ಟಿಯನ್ನೂ ತೆರೆದು ನೋಡಿ. ಕಿಟ್ ದುಬಾರಿ ಎನ್ನುವವರಿಗೆ ರಕ್ತದಲ್ಲಿ ಮರಿಹುಳವನ್ನೇ ಹುಡುಕುವ ನಾಟ್ ವಿಧಾನದ ಪರೀಕ್ಷೆಯನ್ನಾದರೂ ಮಾಡಿಕೊಡಿ. ನೇರಳೆ ಮುಚ್ಚಳದ ಟ್ಯೂಬಿನಿಂದ 1 ಮಿಲಿ ರಕ್ತ, 2 ಪ್ರತಿಶತ ಫಾರ್ಮಲಿನ್ 9 ಮಿಲಿ, ಕಲಸಿ, ಸೆಂಟ್ರಿಫ್ಯೂಜಿನಲ್ಲಿ 1500 ಸುತ್ತಿನಲ್ಲಿ 5 ನಿಮಿಷ, ಮೇಲಿನದನ್ನು ಚೆಲ್ಲಿ ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ, ಸೂಕ್ಷ್ಮದರ್ಶಕ. ಫಾರ್ಮಲಿನ್ನನ್ನು ಸಲೈನಿನಲ್ಲಿ ಕಲಸಿದರೆ ಕೆಂಪು ರಕ್ತಕಣ ಒಡೆಯದೆ ಏನೂ ಕಾಣುವುದಿಲ್ಲ, ಬಟ್ಟಿ ಇಳಿಸಿದ ನೀರೇ ಬೇಕು: 98 ಮಿಲಿಗೆ ಅಂಗಡಿಯ 37 ಪ್ರತಿಶತ ದ್ರಾವಣ 2 ಮಿಲಿ. ಹೃದಯಹುಳದ ಮರಿಗೆ ತಲೆ ಚೂಪು, ಬಾಲ ನೇರ, ಉದ್ದ ಸುಮಾರು 300 ಮೈಕ್ರಾನ್. ರೆಪೆನ್ಸ್ ಇನ್ನೂ ಉದ್ದ, ತಲೆ ಮೊಂಡು. ಬರೀ ಗಂಡುಹುಳ ಅಥವಾ ಬರೀ ಹೆಣ್ಣುಹುಳ ಇರುವ ನಾಯಿಯಲ್ಲಿ ಮರಿಯೇ ಸಿಗುವುದಿಲ್ಲವಾದ್ದರಿಂದ, ಆಗುವವರಿಗೆ ಎರಡೂ ಪರೀಕ್ಷೆ ಮಾಡಿ.

ಔಷಧ ಅಂಗಡಿಯವರೇ, ನಾಯಿಯ ತೂಕ ಕೇಳದೆ ಗುಳಿಗೆ ಕೊಡಬೇಡಿ. ನಾಯಿಗೆಂದು ದನದ ಐವರ್‌ಮೆಕ್ಟಿನ್ ಕೇಳಿ ಬಂದವರನ್ನು ವೈದ್ಯರ ಕಡೆ ಕಳಿಸಿ.

ಪಾಲಿಕೆಯ ಅಧಿಕಾರಿಗಳೇ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಪ್ರತಿ ನಾಯಿಯಿಂದ 1 ಮಿಲಿ ರಕ್ತ ತೆಗೆದಿಡಲು ವ್ಯವಸ್ಥೆ ಮಾಡಿ. ಅರಿವಳಿಕೆಯಲ್ಲಿರುವ ನಾಯಿಯಿಂದ ರಕ್ತ ತೆಗೆಯಲು ಒಂದು ನಿಮಿಷ ಸಾಕು. ಅದನ್ನು ಪರೀಕ್ಷಿಸುವ ಕೆಲಸಕ್ಕೆ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯದ ನೆರವು ಕೇಳಬಹುದು, ದೂರವೇನೂ ಇಲ್ಲ. ವಾರ್ಡುವಾರು ಫಲಿತಾಂಶ ಪ್ರಕಟವಾದರೆ ಯಾವ ಚರಂಡಿಗೆ ಮೊದಲು ಔಷಧ ಸಿಂಪಡಿಸಬೇಕು ಎಂಬುದೂ ಅದರಿಂದಲೇ ತಿಳಿಯುತ್ತದೆ.

ನಾಯಿ ಸಾಕಿದವರೇ, ನಿಮ್ಮಿಂದ ಕೇಳುವುದು ಇಷ್ಟು: ಇವತ್ತು ಡಬ್ಬಿ ತೆರೆದು ಉಳಿದ ಗುಳಿಗೆ ಎಣಿಸಿ. ಕೊಂಡ ತಿಂಗಳಿಂದ ಲೆಕ್ಕ ಹಾಕಿದರೆ ಎಷ್ಟು ಉಳಿಯಬೇಕಿತ್ತೋ ಅದಕ್ಕಿಂತ ಒಂದು ಹೆಚ್ಚಿದ್ದರೂ, ಆ ಡಬ್ಬಿಯನ್ನೂ ನಾಯಿಯನ್ನೂ ಕರೆದುಕೊಂಡು ಈ ವಾರವೇ ವೈದ್ಯರ ಹತ್ತಿರ ಹೋಗಿ.

ಇಂತಿ,
ಅವಳಿ ನಗರದ ಕೆಲವು ಶ್ವಾನಪಾಲಕರು ಮತ್ತು ಪಶುವೈದ್ಯಕೀಯ ಪ್ರಯೋಗಾಲಯದ ಕೆಲಸಗಾರರು
ಹುಬ್ಬಳ್ಳಿ-ಧಾರವಾಡ